ಪಕ್ಕದ ಮನೆ ಓನರಮ್ಮ

ನಲ್ಲಿ ಸೋರುತ್ತಿದೆ ಎಂದು ಮಹಡಿಯಲ್ಲಿ ಬಾಡಿಗೆಗಿದ್ದ ಗಡಿಯಾರ ರಿಪೇರಿಯವನ ಹೆಂಡತಿ ಮೇಲಿನಿಂದ ಕೂಗಿ ಇನ್ನೂ ಬಾಯಿ ಮುಚ್ಚಿರಲಿಲ್ಲ, ತಂಗಿ ಹೊಲಿಗೆ ಬಿಟ್ಟು ಸ್ಪ್ಯಾನರ್ ಹಿಡಿದು ಮೆಟ್ಟಿಲು ಹತ್ತುತ್ತಿದ್ದಳು. ಬಟ್ಟೆ ಒಣಹಾಕುವ ನೆಪದಲ್ಲಿ ಪಕ್ಕದ ತಾರಸಿಯ ಮೇಲೆ ನಿಂತಿದ್ದ ಅಕ್ಕ ಅದೇ ಟವೆಲನ್ನು ಮತ್ತೆ ಹಿಂಡಿದಳು. ಅದರಲ್ಲಿ ಹನಿ ನೀರೂ ಉಳಿದಿರಲಿಲ್ಲ.

ಅತ್ತ ತಂಗಿ ಬಾಗಿಲು ತಟ್ಟಿದ್ದು ಕೇಳಿಸಿತು. ತನ್ನದೇ ಮನೆ, ಬಾಗಿಲೂ ತೆರೆದೇ ಇದೆ, ಆದರೂ ತಟ್ಟುತ್ತಾಳೆ! "ಬನ್ನಿ ಚಿಕ್ಕಮ್ಮ, ನೀವೂ ಬಾಗಿಲು ತಟ್ಟೋದಾ?" ಎಂದಳು ಒಳಗಿನವಳು. ಆಮೇಲೆ ಇಬ್ಬರ ನಗು. ನಲ್ಲಿ ರಿಪೇರಿಯಲ್ಲಿ ನಗುವಂಥದ್ದು ಏನಿದೆಯೋ ದೇವರೇ ಬಲ್ಲ.

ಅಪ್ಪ ಕಟ್ಟಿಸಿದ ಒಂದೇ ಮನೆ. ನಡುವೆ ಗೋಡೆ ಎಬ್ಬಿಸಿ ಇಬ್ಬರು ಹೆಣ್ಣುಮಕ್ಕಳು ಹಂಚಿಕೊಂಡದ್ದು. ಕೆಳಗೆ ತಾವು, ಮೇಲೆ ಬಾಡಿಗೆಯವರು. ಅದೇ ಇಟ್ಟಿಗೆ, ಅದೇ ಬಿಸಿಲು. ಆದರೂ ತಂಗಿಯ ಮಹಡಿಗೆ ಬಂದವರು ಬೇರು ಬಿಡುತ್ತಿದ್ದರು, ಅಕ್ಕನ ಮಹಡಿಗೆ ಬಂದವರು ಗಂಟು ಬಿಚ್ಚುವ ಮೊದಲೇ ಬೇರೆ ಮನೆ ಹುಡುಕುತ್ತಿದ್ದರು. ಅಕ್ಕ ಟೆಲಿಫೋನ್ ಕಚೇರಿಯಲ್ಲಿ ಸೂಪರ್‌ವೈಸರ್ ಆಗಿ ನಿವೃತ್ತಳಾದವಳು. ನೆಂಟರು ಬರುವುದಿದ್ದರೆ ಮೊದಲೇ ತಿಳಿಸಬೇಕು, ಮೆಟ್ಟಿಲ ಮೇಲೆ ಸದ್ದು ಮಾಡಬಾರದು ಎಂದೆಲ್ಲ ಬಂದ ದಿನವೇ ಹೇಳಿಬಿಡುತ್ತಿದ್ದಳು. ಮಾತು ಮೊದಲೇ ಆದರೆ ಆಮೇಲೆ ಜಗಳವಿಲ್ಲ ಎಂಬುದು ಅವಳ ನಂಬಿಕೆ. ಜಗಳವೇನೋ ಆಗುತ್ತಿರಲಿಲ್ಲ, ಜಗಳವಾಡಲು ಜನವೇ ಉಳಿಯುತ್ತಿರಲಿಲ್ಲ. ಬೇಸಿಗೆಯಿಂದ ಮಹಡಿ ಖಾಲಿ ಬಿದ್ದಿತ್ತು.

ಬಾಡಿಗೆ ಹೋಯಿತೆಂದಲ್ಲ ಅವಳ ಸಂಕಟ. ಪಿಂಚಣಿ ಬರುತ್ತಿತ್ತು. ಆ 'ಚಿಕ್ಕಮ್ಮ' ಎಂಬ ಮಾತು ಅವಳ ಹೊಟ್ಟೆಗೆ ಬೆಂಕಿ ಇಡುತ್ತಿತ್ತು. ತಂಗಿ ಚಿಕ್ಕಮ್ಮನಾದರೆ ತಾನು ನ್ಯಾಯವಾಗಿ ದೊಡ್ಡಮ್ಮ ಆಗಬೇಕಲ್ಲ? ಆ ಮನೆಯ ಮಗು ಪುಟ್ಟಿ ಒಮ್ಮೆ ಚೆಂಡು ಕೇಳಲು ಬಂದವಳು ತಾಯಿಗೆ ಕೂಗಿ ಹೇಳಿದ್ದಳು: "ಪಕ್ಕದ ಮನೆ ಓನರಮ್ಮ ಕೊಟ್ರು!" ಅಂದು ಅಕ್ಕನಿಗೆ ಊಟ ಸೇರಲಿಲ್ಲ.

ನಲ್ಲಿ ರಿಪೇರಿಯಾದ ಮರುದಿನ ಅವಳು ಕೈಗಡಿಯಾರ ಹಿಡಿದು ಗಡಿಯಾರದವನ ಅಂಗಡಿಗೆ ಹೋದಳು. ಗಡಿಯಾರ ಸರಿಯಾಗಿಯೇ ನಡೆಯುತ್ತಿತ್ತು.

"ಹೇಳಬಾರದು, ಆದ್ರೂ ಹೇಳ್ತೀನಿ," ಎಂದಳು. "ತಂಗಿ ಮಹಡಿ ಗೋಡೆ ಎಲ್ಲಾ ಒಡೆದು ರಿಪೇರಿ ಮಾಡಿಸ್ಬೇಕು ಅಂತಿದಾಳೆ. ನಿಮ್ಮನ್ನ ಮನೆ ಬಿಡಿ ಅನ್ನೋಕೆ ಬಾಯಿ ಬರ್ತಿಲ್ಲ. ದಾಕ್ಷಿಣ್ಯದ ಪ್ರಾಣಿ."

ಅವನು ಕಣ್ಣಿಗಿಟ್ಟಿದ್ದ ಮಸೂರ ತೆಗೆದ. "ಅಯ್ಯೋ, ನಮಗೊಂದು ಮಾತು ಹೇಳಿದ್ರೆ..."

"ಹೇಳಲ್ಲ. ನೀವಾಗಿ ಕೇಳಿದ್ರೂ ಹಾಗೇನಿಲ್ಲ ಅಂತಾಳೆ. ನೀವೇ ಬಿಡ್ತೀವಿ ಅಂದ್ರೆ ಅವಳ ಮನಸ್ಸೂ ಹಗುರ. ನನ್ನ ಮಹಡಿ ಖಾಲಿ ಇದೆ, ಮಗು ಸ್ಕೂಲೂ ಬದಲಾಗಲ್ಲ. ನಾನು ಹೇಳ್ದೆ ಅಂತ ಮಾತ್ರ ಎಲ್ಲೂ ಬರಬಾರದು."

ದಾಕ್ಷಿಣ್ಯದಲ್ಲಿ ಆ ಮನೆಯವರೂ ಕಡಿಮೆಯಿರಲಿಲ್ಲ. ಚಿಕ್ಕಮ್ಮನನ್ನು ಪೇಚಿಗೆ ಸಿಲುಕಿಸಬಾರದೆಂದು ಅವರು ಕಾರಣ ಹೇಳಲಿಲ್ಲ. ಹೋಗುವವರನ್ನು ಕೆದಕಬಾರದೆಂದು ತಂಗಿ ಕೇಳಲಿಲ್ಲ. ಯಾರಾದರೂ ಒಂದು ಮಾತು ಆಡಿದ್ದರೆ ಅಕ್ಕನ ಬಂಡವಾಳ ಬಯಲಾಗುತ್ತಿತ್ತು. ಆಡಲಿಲ್ಲ. ತಿಂಗಳ ಕೊನೆಗೆ ಸಾಮಾನು ಗೋಡೆಯ ಈಚೆಗೆ ಬಂತು. ತಂಗಿಯೇ ಹಾಸಿಗೆಯ ಒಂದು ತುದಿ ಹಿಡಿದು ಮೆಟ್ಟಿಲು ಹತ್ತಿಸಿಕೊಟ್ಟಳು.

ಇನ್ನು ನಗು ತನ್ನ ಮಹಡಿಯಿಂದ ಕೇಳಬೇಕು ಎಂದು ಅಕ್ಕ ಕಿವಿ ನಿಮಿರಿಸಿ ಕೂತಳು. ಕೇಳಲಿಲ್ಲ. ಗಂಡ ಹೆಂಡತಿ ಚಪ್ಪಲಿ ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತುತ್ತಿದ್ದರು. ಎದುರು ಸಿಕ್ಕರೆ ಪುಟ್ಟಿ ಗೋಡೆಗೆ ಒತ್ತಿ ನಿಂತು, "ಹೋಗಿ ಓನರಮ್ಮ," ಎಂದು ದಾರಿ ಬಿಡುತ್ತಿದ್ದಳು. 'ಪಕ್ಕದ ಮನೆ' ಎಂಬುದಷ್ಟೇ ಉದುರಿತ್ತು.

ಒಂದು ಮಧ್ಯಾಹ್ನ ತಂಗಿ ಬಂದು ಹೊಸ್ತಿಲ ಬಳಿಯೇ ಕೂತಳು. ಸೆರಗಿಗೆ ಚುಚ್ಚಿದ್ದ ಸೂಜಿಯನ್ನು ತೆಗೆಯಲೂ ಮರೆತಿದ್ದಳು.

"ತಪ್ಪು ತಿಳ್ಕೋಬೇಡ ಅಕ್ಕ. ಇತ್ತೀಚೆಗೆ ನಿನ್ನ ಕಂಡ್ರೆ ನಂಗೆ ಹೊಟ್ಟೆ ಉರಿಯುತ್ತೆ."

"ನನ್ನ ಕಂಡ್ರಾ?"

"ಇನ್ಯಾರನ್ನ? ಮಕ್ಕಳ ಥರ ನೋಡ್ಕೊಂಡೆ. ಬಿಟ್ಟು ನಿನ್ನ ಮನೆಗೇ ಬಂದ್ರು ಅಂದ್ರೆ ನನ್ನಲ್ಲೇ ಏನೋ ಕೊರತೆ ಇರ್ಬೇಕು. ಬಾಡಿಗೆಯವರ ಜೊತೆ ಹೇಗಿರ್ಬೇಕು ಅಂತ ನೀನೇ ಹೇಳ್ಕೊಡು. ಮುಂದೆ ಬರೋರಾದ್ರೂ ಉಳೀಲಿ."

ಹೊಟ್ಟೆಕಿಚ್ಚು ತನ್ನೊಬ್ಬಳದೇ ಆಸ್ತಿ ಎಂದುಕೊಂಡಿದ್ದಳು ಅಕ್ಕ. ತಂಗಿಗೂ ಅದರಲ್ಲಿ ಪಾಲು ಹೋಯಿತೆಂದು ತಿಳಿದು ಹಾಲು ಕುಡಿದಷ್ಟು ಸಂತೋಷವಾಯಿತು. ಮರುಗಳಿಗೆಯೇ ನಾಚಿಕೆಯೂ ಆಯಿತು. ನಿಜ ಹೇಳಿಬಿಡೋಣವೆಂದು ಬಾಯಿ ತೆರೆದಳು. ಹೇಳಿದರೆ ಸಂಜೆಯೊಳಗೆ ಮೇಲಿನವರು ಮತ್ತೆ ಗೋಡೆಯಾಚೆ ಇರುತ್ತಾರೆ.

"ಸಲಿಗೆ ಕೊಡಬೇಡ," ಎಂದಳು. "ಕರೆದ ತಕ್ಷಣ ಓಡಬೇಡ, ನಲ್ಲಿ ಸೋರಿದ್ರೆ ಎರಡು ದಿನ ಸೋರ್ಲಿ. ಗೋಡೆಗೆ ಮೊಳೆ ಹೊಡೆಯೋಕಂತೂ ಬಿಡ್ಲೇಬೇಡ. ಗೋಡೆ ಬೆಳ್ಳಗಿದ್ರೆ ಒಳ್ಳೇ ಜನ ಬರ್ತಾರೆ."

"ಮೊಳೆ ತುಂಬಾ ಇವೆ," ಎಂದಳು ತಂಗಿ. "ಪುಟ್ಟಿ ಚಿತ್ರ ತೂಗುಹಾಕೋಕೆ ಅಂತ ನಾನೇ ಹೊಡೆದುಕೊಟ್ಟಿದ್ದೆ."

"ಕಿತ್ತುಹಾಕು."

ತಂಗಿ ತಲೆಯಾಡಿಸಿ ಎದ್ದುಹೋದಳು. ಸ್ವಲ್ಪ ಹೊತ್ತಿಗೆಲ್ಲ ಗೋಡೆಯಾಚೆ ಸುತ್ತಿಗೆಯ ಸದ್ದು, ಗಾರೆ ಉದುರುವ ಸದ್ದು. ಮಹಡಿಯಿಂದ ಗಡಿಯಾರದವನ ಹೆಂಡತಿ ಇಳಿದುಬಂದು ಬಾಗಿಲ ಹೊರಗೇ ನಿಂತಳು.

"ಚಿಕ್ಕಮ್ಮನ ಮನೆ ರಿಪೇರಿ ಶುರುವಾಯ್ತು ಅನ್ಸುತ್ತೆ, ಓನರಮ್ಮ. ಪಾಪ, ಒಬ್ಬರೇ ಒಡೀತಿರೋ ಹಾಗಿದೆ. ಹೋಗಿ ಒಂಚೂರು ಕೈಹಾಕಿ ಬರ್ತೀನಿ."

"ಬೇಡ," ಎಂದಳು ಅಕ್ಕ. "ತುಂಬಾ ಧೂಳು."

"ಧೂಳಾದ್ರೇನು, ಚಿಕ್ಕಮ್ಮ ಅಲ್ವಾ," ಎನ್ನುತ್ತ ಅವಳು ಆಗಲೇ ಗೇಟಿನತ್ತ ನಡೆದಿದ್ದಳು.

ಅಕ್ಕ ಕೂತಲ್ಲಿಂದ ಏಳಲಿಲ್ಲ. ಗೋಡೆಯಾಚೆ ಸುತ್ತಿಗೆಯ ಸದ್ದು ನಿಂತಿತು.