ಕೊನೆಯ ಸಾಲಿಗೆ ಹಾಡಿದ್ದು

ಅಡಿವೆವ್ವನ ದನಿ ಅಂದರೆ ಸುಮ್ಮನೆ ಅಲ್ಲ. ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ನಾಟಕ ಕಂಪನಿ ಎಲ್ಲಿ ತಗಡಿನ ಥೇಟರು ಹಾಕಿದರೂ, ಕಟ್ಟಕಡೆಗೆ ನೆಲದ ಮೇಲೆ ಕುಳಿತವನಿಗೂ ಆಕೆಯ ಹಾಡು ಅಕ್ಷರ ಅಕ್ಷರವಾಗಿ ಮುಟ್ಟಬೇಕಿತ್ತು. ಆಗ ಧ್ವನಿವರ್ಧಕ ಎಲ್ಲಿತ್ತು? ಗಂಟಲು ಬಿಗಿದು, ಮೇಲಿನ ಸ್ವರ ಹಿಡಿದು ಕೂಗಬೇಕು. ಜನ ‘ಒನ್ಸ್ ಮೋರ್’ ಅಂದರೆ ಮತ್ತೊಮ್ಮೆ ಕೂಗಬೇಕು. ಹಾಳಾದ ಒನ್ಸ್ ಮೋರು! ನಲವತ್ತು ತುಂಬುವ ಮೊದಲೇ ಆಕೆಯ ಗಂಟಲು ಒಡೆದುಹೋಯಿತು, ಉಗುಳಿದರೆ ರಕ್ತ. ಮಾಲಕ ಬೇರೆ ನಾಯಕಿಯನ್ನು ತಂದ.

ಮಗಳು ಗುತ್ತೆವ್ವನಿಗೆ ಈ ಗತಿ ಬರಬಾರದೆಂದು ಅಡಿವೆವ್ವ ಅವಳನ್ನು ಸವಣೂರಿನ ಮಕ್ತುಮಸಾಬರಲ್ಲಿ ಹಾಡು ಕಲಿಯಲು ಬಿಟ್ಟಳು. ಅವರದು ಬೈಠಕ್ಕಿನ ಗಾಯನ; ಎದುರಿಗೆ ನಾಲ್ಕು ಮಂದಿ ಇದ್ದರೆ ಸಾಕು. ಅವ್ವನಿಂದ ಬಂದ ಕೂಗನ್ನು ಬಿಡಿಸುವುದೇ ಸಾಬರ ಮೊದಲ ಪಾಠವಾಯಿತು. ನಸುಕಿನಲ್ಲಿ ತಂಬೂರಿ ಹಿಡಿದು ಕೆಳಗಿನ ಷಡ್ಜವೊಂದೇ, ಹೊಟ್ಟೆಯಿಂದ, ಉಸಿರು ಸೋರದಂತೆ. ಅವರದೊಂದು ಕಟ್ಟಪ್ಪಣೆಯೂ ಇತ್ತು: ತಾವು ಹೂಂ ಅನ್ನುವ ತನಕ ಹೆತ್ತವ್ವನ ಮುಂದೂ ಹಾಡಕೂಡದು. ಮಗಳು ಹಬ್ಬಕ್ಕೆ ತಮ್ಮೂರು ಅಕ್ಕಿಆಲೂರಿಗೆ ಬಂದಾಗ ಅಡಿವೆವ್ವ ಒಮ್ಮೆಯೂ ಹಾಡೆನ್ನಲಿಲ್ಲ. ಎಷ್ಟು ವರ್ಷ ಕಾದಳೋ ಪುಣ್ಯಾತ್ಗಿತ್ತಿ.

ಸಾಬರು ಹೂಂ ಅಂದದ್ದು ಎರಡನೇ ಮಹಾಯುದ್ಧ ಮುಗಿದ ವರ್ಷ. ಗುತ್ತೆವ್ವ ತಂಬೂರಿ ಹೊತ್ತು ಊರಿಗೆ ಓಡಿಬಂದಳು. ಬಂದು ನೋಡಿದರೆ ಅವ್ವ ವಿಷಮಜ್ವರದಿಂದ ಹಾಸಿಗೆ ಹಿಡಿದಿದ್ದಳು. ಕಿವಿ ಆಗಲೇ ಮುಕ್ಕಾಲು ಹೋಗಿತ್ತು, ಜೀವ ಇಂದೋ ನಾಳೆಯೋ ಅನ್ನುವಂತಿತ್ತು.

‘ಹಾಡವಾ,’ ಅಂದಳು ಅಡಿವೆವ್ವ. ‘ಕೇಳಿ ಹೋಗತೇನಿ.’

ಗುತ್ತೆವ್ವ ಹಾಡಿದಳು. ಅಷ್ಟು ಚಂದ ಅವಳು ಸಾಬರ ಎದುರಿಗೂ ಹಾಡಿರಲಿಲ್ಲ. ಓಣಿಯಲ್ಲಿ ಹೋಗುವವರು ಬಾಗಿಲಲ್ಲಿ ನಿಂತು ಕೇಳಿದರು. ಅವ್ವ ಮಾತ್ರ ಮಗಳ ಬಾಯನ್ನೇ ನೋಡುತ್ತ, ಶುರು ಮಾಡು ಅಂತ ಕೈಸನ್ನೆ ಮಾಡಿದಳು. ಕಿವಿಗೆ ಬಾಯಿ ಹಚ್ಚಿ ಹಾಡಿದರೂ ಊಹೂಂ. ಗುತ್ತೆವ್ವ ತಂಬೂರಿ ಕೆಳಗಿಟ್ಟಳು. ಗಂಟಲು ಬಿಗಿದಳು. ಸಾಬರು ವರ್ಷಗಟ್ಟಲೆ ಕೂತು ಬಿಡಿಸಿದ್ದ ಆ ಕೂಗನ್ನೇ ಎಳೆದು ತಂದು, ಥೇಟರಿನ ಕೊನೆಯ ಸಾಲಿಗೆ ಮುಟ್ಟಿಸುವವಳ ಹಾಗೆ ಹಾಡಿದಳು.

ಅಡಿವೆವ್ವನ ಕಣ್ಣು ಅರಳಿದವು. ಕೇಳಿಸಿತ್ತು. ಗುತ್ತೆವ್ವ ಅಳುತ್ತಲೇ ನಕ್ಕಳು.

‘ಈ ಕೂಗು ಬ್ಯಾಡಂತನ ನಿನ್ನ ಸವಣೂರಿಗೆ ಕಳಿಸಿದ್ದೆ,’ ಅಂದಳು ಅವ್ವ. ‘ಏನೂ ಕಲೀಲಿಲ್ಲಲ್ಲ ನೀ.’

ಕಲಿತಿದ್ದೇನೆ ಅನ್ನುತ್ತ ಗುತ್ತೆವ್ವ ಕೆಳಗಿಟ್ಟ ತಂಬೂರಿಗೆ ಕೈ ಹಾಕಿದಳು. ಅಷ್ಟರಲ್ಲಿ ಅಡಿವೆವ್ವ ಗೋಡೆಯ ಕಡೆ ಮುಖ ತಿರುಗಿಸಿದ್ದಳು. ಮತ್ತೆ ಈ ಕಡೆ ಹೊರಳಲಿಲ್ಲ.