ಅರ್ಧರಾಯರ ಕೊರಿಯನ್

ಬೀಗರೂ ಬೀಗಿತ್ತಿಯೂ ಶೂ ಬಿಚ್ಚಿಟ್ಟು ಒಳಗೆ ಬರುವಷ್ಟರಲ್ಲಿ, ಅರ್ಧರಾಯರು ಕಲಿತ ಕೊರಿಯನ್ ಭಾಷೆ ತಲೆಯಿಂದ ಹೊರಗೆ ಹೋಗಿಬಿಟ್ಟಿತ್ತು. ನಮಸ್ಕಾರ, ಪ್ರಯಾಣ ಹೇಗಿತ್ತು, ನಿಮ್ಮ ಮಗಳು ನಮಗೂ ಮಗಳೇ, ಎಲ್ಲವನ್ನೂ ಸೊಸೆ ಅಡುಗೆಮನೆಯಲ್ಲಿ ಕೂರಿಸಿಕೊಂಡು ಬಾಯಿಪಾಠ ಮಾಡಿಸಿದ್ದಳು. ಈಗ ಬಾಯಿ ತೆರೆದರೆ ಬರೀ ಗಾಳಿ.

ಅರ್ಧರಾಯರು ಬಡಗಿ. ಬೇರೆಯವರ ಮನೆಯ ಕಪಾಟು ಹೇಳಿದ ದಿನಕ್ಕೆ ಸಿದ್ಧ; ಸ್ವಂತ ಮನೆಯಲ್ಲಿ ಮಾತ್ರ ಹಿಡಿದ ಯಾವ ಕೆಲಸವೂ ದಡ ಮುಟ್ಟಿದ್ದಿಲ್ಲ. ಆ ಹೆಸರಿಟ್ಟವಳು ಹೆಂಡತಿ, ಖಾಯಂ ಮಾಡಿದ್ದು ಬೀದಿಯವರು. ಕೊರಿಯಾದ ಸೊಸೆಯ ಅಪ್ಪ ಅಮ್ಮ ಬರುತ್ತಾರೆಂದು ಗೊತ್ತಾದಾಗ ರಾಯರು, "ಬೀಗರ ಹತ್ರ ನಾನೇ ಮಾತಾಡ್ತೀನಿ, ಮಧ್ಯೆ ಯಾರೂ ಬೇಡ" ಎಂದು ಎದೆ ತಟ್ಟಿಕೊಂಡಿದ್ದರು.

"ಇದೂ ಅರ್ಧಕ್ಕೇ ನಿಲ್ಲತ್ತೆ, ನೋಡ್ತಾ ಇರಿ" ಎಂದಿದ್ದಳು ಹೆಂಡತಿ.

ನಿಂತಿತು ಕೂಡ. ಮಾಡುತ್ತಿದ್ದ ಕೆಲಸವನ್ನು ನಡುವೆ ಬಿಟ್ಟೆ ಎಂದು ಹೇಳುವುದು ಹೇಗೆ ಎಂಬ ಪಾಠವಾದ ಮೇಲೆ ಅವರು ಪುಸ್ತಕ ಮುಟ್ಟಲಿಲ್ಲ. ಆ ಪಾಠ ಮಾತ್ರ ನೀರು ಕುಡಿದಷ್ಟು ಸಲೀಸಾಗಿ ಬಂದಿತ್ತು. "ಮಾವ, ಇದ್ರಲ್ಲಿ ನೀವೇ ಫಸ್ಟ್" ಎಂದು ಸೊಸೆ ಹೊಗಳಿದ್ದಳು.

ಈಗ ಬೀಗರು ಗಂಟುಮುಖ ಹಾಕಿಕೊಂಡು ಸೋಫಾದಲ್ಲಿ ಕೂತಿದ್ದರು. ಅರ್ಧರಾಯರಿಗೆ ಅವಮಾನದಿಂದ ಕಿವಿ ಬಿಸಿಯಾಯಿತು. ಮಗಳನ್ನು ಕೊಟ್ಟ ಮನುಷ್ಯನೊಡನೆ ಒಂದು ಮಾತೂ ಆಡಲಾರದೆ ಗೂಟದ ಹಾಗೆ ಕೂರುವುದೇ? ಎದ್ದವರೇ ಹಿಡಿಯಿಲ್ಲದ ಕಪಾಟು ತೋರಿಸಿ, "ಹದಗಾ ಮರಸ್ಸೊಯೊ" ಎಂದರು. ಮಾಡ್ತಾ ಇದ್ದೆ, ಬಿಟ್ಟೆ.

ಬೀಗರು ತಲೆಯೆತ್ತಿದರು. ಸಿಕ್ಕಿದ್ದೇ ಛಾನ್ಸು ಎಂದು ರಾಯರು ಅವರ ಕೈಹಿಡಿದು ಮನೆಯೆಲ್ಲ ಸುತ್ತಿಸಿದರು. ಮೂರೇ ಮೆಟ್ಟಿಲಿಗೆ ನಿಂತ ಏಣಿ: ಹದಗಾ ಮರಸ್ಸೊಯೊ. ಒಂದೇ ಮಗ್ಗುಲು ಬಣ್ಣ ಕಂಡ ಬಚ್ಚಲುಮನೆಯ ಬಾಗಿಲು: ಹದಗಾ ಮರಸ್ಸೊಯೊ. ಕೂರಲು ಹಲಗೆಯೇ ಇಲ್ಲದ ಕುರ್ಚಿ: ಅದೇ.

"ಅಯ್ಯೋ, ಮನೆ ಮಾನ ಹರಾಜು ಹಾಕ್ತಿದಾರಲ್ಲೇ! ನಿಲ್ಸೋಕೆ ಹೇಳಮ್ಮಾ" ಎಂದು ಹೆಂಡತಿ ಹಲ್ಲು ಕಚ್ಚಿದಳು.

"ನಿಲ್ಸೋ ಪಾಠ ಇನ್ನೂ ಆಗಿಲ್ಲ, ಅತ್ತೆ" ಎಂದಳು ಸೊಸೆ, ಅಳುಮುಖ ಮಾಡಿಕೊಂಡು.

ಕುರ್ಚಿಯ ಮುಂದೆ ಬೀಗರು ಬಹಳ ಹೊತ್ತು ನಿಂತರು. ಆಮೇಲೆ ಜೇಬಿನಿಂದ ಫೋನು ತೆಗೆದು ಒಂದು ಫೋಟೋ ತೋರಿಸಿದರು. ಹಿತ್ತಲಲ್ಲಿ ಮರದ ದೋಣಿ. ಒಂದು ಪಕ್ಕಕ್ಕೆ ಹಲಗೆಯಿಲ್ಲ, ಒಳಗೆ ಹುಲ್ಲು ಬೆಳೆದಿದೆ.

"ಹದಗಾ ಮರಸ್ಸೊಯೊ" ಎಂದರು, ತಗ್ಗಿದ ದನಿಯಲ್ಲಿ.

ಮುಂದಿನ ಫೋಟೋದಲ್ಲಿ ಚಾವಣಿಯಿಲ್ಲದ ಕೋಳಿಗೂಡು. ಅದರ ಮುಂದಿನದು ಬರುವಷ್ಟರಲ್ಲಿ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ರಾಯರ ಕಣ್ಣಲ್ಲಿ ನೀರೇ ಬಂತು. ಕಾಣದ ದೇಶದಲ್ಲಿ ಅವರಿಗೊಬ್ಬ ಅಣ್ಣ ಸಿಕ್ಕಿದ್ದ.

ಬೀಗಿತ್ತಿ ದೋಣಿಯ ಫೋಟೋವನ್ನು ದೂರದಿಂದಲೇ ಕಂಡು, ಕಣ್ಣು ಮುಚ್ಚಿ, ಉದ್ದಕ್ಕೊಂದು ಉಸಿರು ಬಿಟ್ಟು ಏನೋ ಗೊಣಗಿದರು. ಸೊಸೆ ಅದನ್ನು ಕನ್ನಡದಲ್ಲಿ ಹೇಳಲು ಹೊರಟಳು.

"ನೀನು ಸುಮ್ನಿರಮ್ಮ, ಅರ್ಥ ಆಯ್ತು" ಎಂದ ಅತ್ತೆ, ಬೀಗಿತ್ತಿಯ ಕೈಹಿಡಿದು ತನ್ನ ಪಕ್ಕದಲ್ಲಿ ಕೂರಿಸಿಕೊಂಡಳು.