ಯಾರದೋ ತಲೆಯ ಕೂದಲು

ಸೊಸೆಯ ಕೂದಲಲ್ಲಿ ಮಾದಕ ವಸ್ತು ಸಿಕ್ಕಿದೆ, ವೀಸಾ ಇಲ್ಲ ಅಂತ ಸುದ್ದಿ ಬಂದ ದಿನದಿಂದ ಅತ್ತೆ ಅವಳ ಚಹಾ ಲೋಟವನ್ನು ಮೂಸಿ ನೋಡತೊಡಗಿದ್ದರು. ಕುಡಿಯುವ ಮುಂಚೆ ಒಂದು ಸಲ, ಕುಡಿದಿಟ್ಟ ಮೇಲೆ ಇನ್ನೊಂದು ಸಲ. ಚಹಾ ಮಾಡುವವರೂ ಅವರೇ, ಸೋಸುವವರೂ ಅವರೇ. ಆದರೂ ಮೂಸುವುದು ತಪ್ಪಲಿಲ್ಲ. ಪಾಪ, ಅವರಾದರೂ ಏನು ಮಾಡಿಯಾರು? ಮಾದಕ ವಸ್ತು ಅಂದರೆ ಹೊಗೆಯೋ, ಪುಡಿಯೋ, ಮಾತ್ರೆಯೋ, ಅದಕ್ಕೆ ವಾಸನೆ ಇರುತ್ತದೋ ಇಲ್ಲವೋ, ಅವರಿಗೆ ಹೇಗೆ ಗೊತ್ತಾಗಬೇಕು?

ಸೊಸೆಗೆ ಜಗಳವಾಡುವ ತ್ರಾಣವಿರಲಿಲ್ಲ. ಮೊದಲ ದಿನ ಮಾತ್ರ, "ಅತ್ತೆ, ನಾನು ಅಂಥದ್ದೇನೂ ಮುಟ್ಟಿಲ್ಲ" ಎಂದಿದ್ದಳು.

"ಹಾಗಿದ್ರೆ ನಿನ್ನ ಕೂದಲಲ್ಲಿ ಎಲ್ಲಿಂದ ಬಂತಮ್ಮಾ? ಗಾಳಿಗೆ ಹಾರ್ಕೊಂಡು ಬಂತಾ?"

ಅದಕ್ಕೆ ಅವಳ ಬಳಿ ಉತ್ತರವಿತ್ತು. ಬಾಯಿಗೆ ಮಾತ್ರ ಬರಲಿಲ್ಲ. ಕತ್ತರಿಸಿಕೊಂಡು ಹೋಗಿ ಪರೀಕ್ಷೆ ಮಾಡಿದ ಆ ಕೂದಲು ಅವಳದ್ದೇ ಆಗಿರಲಿಲ್ಲ.

ಅವಳು ಕೆಲಸ ಮಾಡುತ್ತಿದ್ದದ್ದು ವಿಗ್ ತಯಾರಿಸುವ ಕಾರ್ಖಾನೆಯಲ್ಲಿ. ತೆಳ್ಳನೆಯ ಬಲೆಯನ್ನು ಮರದ ತಲೆಯ ಮೇಲೆ ಬಿಗಿದು, ಸಣ್ಣ ಕೊಕ್ಕೆಯಿಂದ ಒಂದೊಂದೇ ಕೂದಲನ್ನು ಎಳೆದು ಗಂಟು ಹಾಕುವ ಕೆಲಸ. ಸಂಜೆ ಹೊತ್ತಿಗೆ ಕತ್ತು ಕಲ್ಲಾಗಿರುತ್ತದೆ, ಕಣ್ಣು ಮುಚ್ಚಿದರೂ ಗಂಟೇ ಕಾಣುತ್ತದೆ. ಸೇರಿದ ಹೊಸತರಲ್ಲಿ ಅವಳಿಗೆ ಸೊಂಟ ದಾಟುವ ಜಡೆಯಿತ್ತು. ಕೂದಲಿನ ಮಧ್ಯೆಯೇ ಬದುಕುವ ಅಲ್ಲಿನ ಹೆಂಗಸರೂ ಒಮ್ಮೆ ಮುಟ್ಟಿ ನೋಡುವಂಥ ಜಡೆ. ಅಲ್ಲಿಂದ ಅವಳ ಹೆಸರೇ ಜಡೆ ಎಂದಾಯಿತು. ಕಾರ್ಖಾನೆಯ ವ್ಯಾನ್ ಓಡಿಸುತ್ತಿದ್ದ ಹುಡುಗ ಅವಳನ್ನು ಹಿಂದಿನಿಂದ ನೋಡಿಯೇ ಮನಸ್ಸು ಕೊಟ್ಟ. "ಮುಖ ಆಮೇಲೆ ನೋಡಿದ್ದು ಕಣೆ, ಮೊದ್ಲು ನೋಡಿದ್ದು ಜಡೆ" ಎಂದು ಮದುವೆಯಾದ ಮೇಲೂ ರೇಗಿಸುತ್ತಿದ್ದ. ಆಮೇಲೆ ಹೊರದೇಶದಲ್ಲಿ ಮೀನು, ಮಾಂಸ ಇಡುವ ದೊಡ್ಡ ಶೀತಲ ಗೋದಾಮಿನಲ್ಲಿ ಕೆಲಸ ಸಿಕ್ಕಿತು, ಹೋದ. ಕೆಲಸ ಕಾಯಂ ಆದ ಕೂಡಲೇ ಹೆಂಡತಿಯನ್ನು ಕರೆಸಿಕೊಳ್ಳುವುದು ಅಂತ ಮಾತಾಗಿತ್ತು.

ಅವನು ಹೋದ ಮೇಲೆ ಅವಳಿಗೆ ಒಂದು ಜ್ವರ ಬಂತು. ಜ್ವರ ಬಿಟ್ಟಿತು, ಕೂದಲೂ ಬಿಟ್ಟಿತು. ಮೊದಲು ದಿಂಬಿನ ಮೇಲೆ, ಆಮೇಲೆ ಬಾಚಣಿಗೆಯಲ್ಲಿ, ಕೊನೆಗೆ ಸುಮ್ಮನೆ ಕೈಯಾಡಿಸಿದರೂ ಗೊಂಚಲು ಗೊಂಚಲು. ಮತ್ತೆ ಬಂದರೂ ಬರಬಹುದು, ಬರದೆಯೂ ಇರಬಹುದು ಎಂದರು ಡಾಕ್ಟರು. ಅದನ್ನು ಹೇಳುವುದಕ್ಕೆ ಡಾಕ್ಟರೇ ಬೇಕಿತ್ತೇ?

ಮನೆಯಲ್ಲಿ ಚಳಿ ಚಳಿ ಎಂದು ತಲೆಗೆ ವಸ್ತ್ರ ಸುತ್ತಿಕೊಂಡೇ ಓಡಾಡಿದಳು. ಗುಟ್ಟು ಗೊತ್ತಿದ್ದದ್ದು ಒಬ್ಬರಿಗೆ, ಪಕ್ಕದ ಮೇಜಿನ ಬಾಚಣಿಗೆ ಅಕ್ಕನಿಗೆ. ಮೂಟೆಯಲ್ಲಿ ಬರುವ ಕೂದಲಿನ ಕಟ್ಟುಗಳನ್ನು ಕಬ್ಬಿಣದ ಹಲ್ಲುಗಳ ದೊಡ್ಡ ಬಾಚಣಿಗೆಯಲ್ಲಿ ಎಳೆದು ಹಸನು ಮಾಡುವುದು ಅಕ್ಕನ ಕೆಲಸ. ಅವಳೇ ರಾಶಿಯೆಲ್ಲ ಜಾಲಾಡಿ, ಬಣ್ಣ ಹಾಕದ ಒಂದು ಉದ್ದನೆಯ ಕಟ್ಟನ್ನು ಎತ್ತಿ ಹಿಡಿದು, "ನಿನ್ನ ಕೂದಲಿನ ಅವಳಿ ಇದ್ದ ಹಾಗಿದೆ ನೋಡೇ" ಎಂದಳು. ಯಾವ ಊರಿನ ಯಾವ ತಲೆಯದೋ, ಯಾರಿಗೆ ಗೊತ್ತು? ಊಟದ ಬಿಡುವಿನಲ್ಲಿ ಕುಳಿತು ಕುಳಿತು ಜಡೆ ತನ್ನ ತಲೆಯನ್ನು ತಾನೇ ಕಟ್ಟಿಕೊಂಡಳು. ಅಂಚಿಗೆ ಗೋಂದು. ಬಿಚ್ಚಿ, ತೊಳೆದು, ಒಣಗಿಸಿ, ಮತ್ತೆ ಅಂಟಿಸುವಷ್ಟು ಹೊತ್ತು ಬಚ್ಚಲಿನ ಬಾಗಿಲಿಗೆ ಚಿಲಕ. ಅತ್ತೆ ಹೊರಗಿನಿಂದ, "ಒಳಗೇ ಮನೆ ಮಾಡಿದ್ಯಾ?" ಎಂದು ಕೂಗುವರು.

ವೀಸಾಕ್ಕೆಂದು ಆಸ್ಪತ್ರೆಗೆ ಹೋದ ದಿನ ರಕ್ತ ತೆಗೆದುಕೊಂಡರು, ಎದೆಯ ಫೋಟೊ ತೆಗೆದರು. ಆಮೇಲೆ ನರ್ಸ್ ಕತ್ತರಿ ಹಿಡಿದು ಬೆನ್ನ ಹಿಂದೆ ನಿಂತಳು.

"ಎಂಥಾ ಕೂದಲಮ್ಮಾ ನಿಮ್ದು! ಕತ್ತರಿಸೋಕೆ ಮನಸ್ಸೇ ಬರಲ್ಲ" ಎನ್ನುತ್ತಲೇ ನೆತ್ತಿಯ ಹಿಂದೆ ಬುಡದ ಹತ್ತಿರ ಒಂದು ಸಣ್ಣ ಗೊಂಚಲು ಕತ್ತರಿಸಿ ಪೊಟ್ಟಣ ಕಟ್ಟಿದಳು. ಹೊರಗೆ ಸಾಲು ಉದ್ದವಿತ್ತು. ಎರಡನೆಯ ಸಲ ನೋಡುವ ಪುರಸೊತ್ತು ಅವಳಿಗೂ ಇರಲಿಲ್ಲ. ಇದು ಯಾಕೆ ಎಂದು ಜಡೆ ಕೇಳಲಿಲ್ಲ. ದಿನವಿಡೀ ಕೂದಲು ನೋಡುವ ಕಣ್ಣಲ್ಲದಿದ್ದರೂ ನರ್ಸಿನ ಕಣ್ಣು ತಾನೇ, ಅದೇ ಗುರುತು ಹಿಡಿಯಲಿಲ್ಲವಲ್ಲ, ನನ್ನ ಕೈಗೆಲಸ ಅಂದರೆ ಏನು ಅಂದುಕೊಂಡಿರಿ ಎಂದು ಒಳಗೊಳಗೇ ಬೀಗಿದಳು. ಅಯ್ಯೋ ಹುಚ್ಚಿ! ಬಾಯಿ ಬಿಡಬೇಕಾದದ್ದು ಆವಾಗ.

ಗಂಡ ದಿನಾ ಫೋನ್ ಮಾಡುತ್ತಿದ್ದ. ಬೈಯಲಿಲ್ಲ, ಕೂಗಾಡಲಿಲ್ಲ. "ನಿಜ ಹೇಳು. ಏನಿದ್ರೂ ಹೊಟ್ಟೆಗೆ ಹಾಕ್ಕೋತೀನಿ" ಎನ್ನುವನು. ಇವಳು ಇಲ್ಲ ಎನ್ನುವಳು. ಹಾಗಾದರೆ ಹೇಗೆ ಬಂತು ಎಂದರೆ ತುಟಿ ಎರಡಾಗುತ್ತಿರಲಿಲ್ಲ. ತಪ್ಪಾಗಿದೆ ಎಂದು ಅರ್ಜಿ ಹಾಕಬೇಕಾದವನು ಅವನೇ. ವೀಸಾ ಕಚೇರಿಗೆ ನಿಜ ಗೊತ್ತಾಗಬೇಕಾದರೆ ಮೊದಲು ಅವನಿಗೆ ಗೊತ್ತಾಗಬೇಕು. ಪರದೆಯಲ್ಲಿ ಮುಖ ಕಂಡ ಕೂಡಲೇ "ಜಡೆ ಮುಂದಕ್ಕೆ ಹಾಕ್ಕೊಳ್ಳೇ, ನೋಡ್ಬೇಕು" ಎನ್ನುವ ಆಸಾಮಿಗೆ ಇದನ್ನು ಯಾವ ಬಾಯಲ್ಲಿ ಹೇಳುವುದು?

"ಹೇಳಿ ಸಾಯಬಾರ್ದಾ?" ಬಾಚಣಿಗೆ ಅಕ್ಕ ಕೈಯಲ್ಲಿದ್ದ ಕಟ್ಟನ್ನು ಮೇಜಿಗೆ ಬಡಿದಳು. "ನಶೆ ಮಾಡೋಳು ಅನ್ನಿಸ್ಕೊಳ್ಳೋದಕ್ಕಿಂತ ಬೋಳುತಲೆಯೋಳು ಅನ್ನಿಸ್ಕೊಳ್ಳೋದು ಕಷ್ಟಾನಾ ನಿಂಗೆ?"

ಜಡೆ ಒಂದು ಗಂಟು ಹಾಕಿದಳು, ಇನ್ನೊಂದು ಹಾಕಿದಳು. ಆಮೇಲೆ "ಹೂಂ ಅಕ್ಕಾ" ಎಂದಳು.

ಅಕ್ಕ ಕಟ್ಟನ್ನು ಎತ್ತಿಕೊಂಡು ಮತ್ತೆ ಬಾಚತೊಡಗಿದಳು.

ಆದರೂ ಅಕ್ಕನ ಮಾತು ಜಡೆಯ ಒಳಗೆ ಕೊರೆಯಿತು. ಮುಂದಿನ ವಾರ ವಿಚಾರಣೆಗೆ ಅಲ್ಲಿನ ಕಚೇರಿಗೆ ಹೋಗುವುದಿದೆ ಎಂದು ಗಂಡ ಹೇಳಿದ್ದ. ಅಷ್ಟರೊಳಗೆ ಹೇಳಿಯೇ ಬಿಡಬೇಕು ಎಂದು ಗಟ್ಟಿ ಮನಸ್ಸು ಮಾಡಿದಳು. ಮೊನ್ನೆ ಅವನು ಫೋನ್ ಮಾಡಿದಾಗ ಅತ್ತೆ ಪಕ್ಕದಲ್ಲೇ ಬಟ್ಟೆ ಮಡಚುತ್ತಿದ್ದರು, ಆಗಲಿಲ್ಲ. ನಿನ್ನೆ ಇವಳೇ ಮಾಡಿದಳು, ಎತ್ತಲಿಲ್ಲ. ಇವತ್ತು ರಜೆ. ಮಧ್ಯಾಹ್ನ ಕೋಣೆಯ ಬಾಗಿಲು ಮುಂದೆ ಮಾಡಿ ಫೋನ್ ಹಿಡಿದು ಕುಳಿತಳು. ಅವನೇ ಬಂದ. ಗೋದಾಮಿನ ಕೆಲಸಗಾರರು ಬೆಚ್ಚಗಾಗಲು ಬಂದು ಕೂರುವ ಕೋಣೆ, ಕಿವಿ ಮುಚ್ಚುವ ಉಣ್ಣೆ ಟೋಪಿ, ಕೆಂಪು ಮೂಗು.

"ರೀ, ಒಂದು ಮಾತು ಹೇಳ್ಬೇಕು."

"ಮೊದ್ಲು ನಂದು ಕೇಳು. ನಿನ್ನೆ ಕಚೇರಿಗೆ ಹೋಗಿ ಬಂದೆ. ಒಂದು ವಾರ ಮುಂಚೇನೇ ಕರೆದ್ಬಿಟ್ರು. ಎಲ್ಲಾ ಒಪ್ಕೊಂಡೆ ಕಣೆ."

"ಏನು ಒಪ್ಕೊಂಡ್ರಿ?"

"ನೀನು ತಗೋತಿದ್ದಿದ್ದು. ಬಚ್ಚಲ ಬಾಗಿಲು ಹಾಕ್ಕೊಂಡ್ರೆ ತೆಗಿಯಲ್ಲ ಅಂತ ಅಮ್ಮ ಹೇಳಿದ್ರು. ನೀನೋ, ಕೇಳಿದ್ರೆ ಬಾಯಿ ಬಿಡಲ್ಲ. ನಂಗೆ ಅರ್ಥ ಆಗಲ್ವಾ? ಹೌದು ಸ್ವಾಮಿ, ಒಬ್ಬಳನ್ನೇ ಬಿಟ್ಟು ಬಂದೆ, ತಪ್ಪು ನಂದೇ, ಈಗ ಬಿಟ್ಟಿದಾಳೆ ಅಂದೆ. ಒಪ್ಕೊಂಡ್ರೆ ಕರುಣೆ ತೋರಿಸ್ತಾರೆ ಅಂತ ಇಲ್ಲಿ ಜೊತೆಗಿರೋರು ಹೇಳಿದ್ರು." ಅವನು ಟೋಪಿಯನ್ನು ಕಿವಿಯ ಮೇಲೆ ಎಳೆದುಕೊಂಡ. "ತೋರಿಸ್ಲಿಲ್ಲ. ಬಾಯಿಬಿಟ್ಟು ಒಪ್ಕೊಂಡೋರಿಗೆ ಐದು ವರ್ಷ ಬಾಗಿಲೇ ಇಲ್ವಂತೆ. ಇರ್ಲಿ ಬಿಡು. ಕಾಯ್ತೀನಿ. ನೀನು ಮಾತ್ರ ಮತ್ತೆ ಅದನ್ನ ಮುಟ್ಬೇಡ."

ಜಡೆಗೆ ಅಳುವೂ ಬರಲಿಲ್ಲ. ಫೋನನ್ನು ದಿಂಬಿಗೆ ಒರಗಿಸಿ, ಎರಡೂ ಕೈಯನ್ನು ಕಿವಿಯ ಹಿಂದೆ ತಂದು ಗೋಂದಿನ ಅಂಚಿಗೆ ಉಗುರು ಹಾಕಿದಳು. ಚರ್ಮ ಎಳೆದು ಉರಿಯಿತು. ಇಡೀ ಜಡೆ ಕೈಗೆ ಬಂತು.

ಅವನು ಮುಖವನ್ನು ಪರದೆಯ ಹತ್ತಿರ ತಂದ. ಯಾವುದೋ ಯಂತ್ರ ಗುಂಯ್‌ಗುಡುವುದು ಕೇಳುತ್ತಿತ್ತು.

"ಯಾವಾಗಿಂದ?" ಎಂದ.

"ನೀವು ಹೋದ್ಮೇಲೆ, ಆ ಜ್ವರ ಬಂತಲ್ಲ, ಆಗಿಂದ. ಅವರು ಕತ್ತರಿಸಿದ್ದು ಇದನ್ನ ರೀ. ನನ್ನದಲ್ಲ."

"ಮತ್ತೆ ಯಾರದ್ದು?"

"ಗೊತ್ತಿಲ್ಲ. ಮೂಟೇಲಿ ಬಂದಿದ್ದು."

ಅವನು ಎರಡು ಕೈಯಲ್ಲೂ ಮುಖ ಒರೆಸಿಕೊಂಡ. "ದಿನಾ ಕೇಳಿದ್ನಲ್ಲೇ. ಯಾಕೆ ಹೇಳ್ಲಿಲ್ಲ?"

"ಜಡೆ ನೋಡಿ ಮದ್ವೆ ಆದೋರು ನೀವು. ಹೇಗೆ ಹೇಳ್ಲಿ?"

"ನಶೆ ಮಾಡ್ತಾಳೆ ಅಂತ ನಂಬ್ಕೊಂಡೂ ಐದು ವರ್ಷ ಕಾಯ್ತೀನಿ ಅಂದೋನು ನಾನು" ಎಂದ. ದನಿ ಏರಲಿಲ್ಲ, ಏರಿದ್ದರೇ ವಾಸಿಯಿತ್ತು. "ಕೂದಲು ಹೋಯ್ತು ಅಂತ ಬಿಟ್ಟುಬಿಡ್ತಿದ್ನಾ?"

ಅವಳು ತೊಡೆಯ ಮೇಲಿದ್ದ ಜಡೆಯಲ್ಲಿ ಬೆರಳಾಡಿಸುತ್ತಾ ನರ್ಸ್ ಕತ್ತರಿಸಿದ ಜಾಗಕ್ಕೆ ಬಂದಳು. ಗಿಡ್ಡನೆಯ ತುಂಡು ಕೂದಲು ಬೆರಳಿಗೆ ಚುಚ್ಚಿತು. ಅದು ಅಂದು ಎಷ್ಟಿತ್ತೋ ಇಂದೂ ಅಷ್ಟೇ ಇತ್ತು.

"ನಾಳೆ ಮತ್ತೆ ಹೋಗಿ ಹೇಳ್ತೀನಿ" ಎಂದ ಅವನು.

"ನಂಬ್ತಾರಾ?"

"ನಿನ್ನೆ ಒಂದು ಹೇಳಿ, ನಾಳೆ ಇನ್ನೊಂದು ಹೇಳಿದ್ರೆ ಯಾರು ನಂಬ್ತಾರೆ? ಹೇಳ್ತೀನಿ, ಅಷ್ಟೇ." ಎಲ್ಲೋ ಗಂಟೆ ಬಾರಿಸಿತು. ಅವನು ಎದ್ದು ನಿಂತ. ನಿಂತವನು ಮತ್ತೆ ಬಗ್ಗಿ ಪರದೆಯೊಳಗೆ ನೋಡಿದ. "ತಲೆಗೆ ಚಳಿ ಆಗಲ್ವೇನೇ?"

ಅಲ್ಲಿಯವರೆಗೆ ಬಾರದಿದ್ದ ಅಳು ಆಗ ಬಂತು.

ಅತ್ತೆ ಬಾಗಿಲು ತಳ್ಳಿಕೊಂಡು ಬಂದದ್ದು ಅವಳಿಗೆ ಗೊತ್ತಾಗಲಿಲ್ಲ. ಚಹಾ ತಂದಿದ್ದರು. ಬರಿದಾದ ತಲೆಯನ್ನು ನೋಡಿದರು, ತೊಡೆಯ ಮೇಲಿದ್ದದ್ದನ್ನು ನೋಡಿದರು, ಫೋನಿನಲ್ಲಿ ಇನ್ನೂ ಕಾಯುತ್ತಾ ನಿಂತಿದ್ದ ಮಗನನ್ನು ನೋಡಿದರು. ಲೋಟವನ್ನು ಸೊಸೆಯ ಪಕ್ಕದಲ್ಲಿಟ್ಟು ಅಲ್ಲೇ ಮಂಚದ ಅಂಚಿಗೆ ಕುಸಿದು ಕುಳಿತರು.

"ಬಚ್ಚಲಲ್ಲಿ ಮಾಡ್ತಿದ್ದಿದ್ದು ಇದಾ?" ಎಂದರು. "ನಾನೇ ಅಲ್ವಾ ಅವನಿಗೆ ಹೇಳಿದ್ದು" ಎಂದು ತಮ್ಮಷ್ಟಕ್ಕೇ ಗೊಣಗಿ, ಸೆರಗಿನ ತುದಿಯಿಂದ ಸೊಸೆಯ ಕಿವಿಯ ಹಿಂದೆ ಅಂಟಿದ್ದ ಗೋಂದನ್ನು ಒರೆಸತೊಡಗಿದರು.